ಬ್ಲೇಡ್ ಡಾಕ್ಟರೂ ಹಲ್ಲಿಯ ಬೆನ್ನಿನ ಚೀಲವೂ

ಟೈರ್ ಅಂಗಡಿಯ ಮೇಲಿನ ಮಹಡಿಗೆ ಮೆಟ್ಟಿಲು ಹತ್ತುವಾಗಲೇ ಡಾಕ್ಟರಿಗೆ ಆ ಜಾಗದ ಮೇಲೆ ತಾತ್ಸಾರ ಹುಟ್ಟಿಬಿಟ್ಟಿತ್ತು. ಅಲ್ಲಿದ್ದ ಜನರನ್ನು ಅವಳಿನ್ನೂ ನೋಡಿರಲಿಲ್ಲ. ನೋಡಿದ ಮೇಲೆಯೇ ತಾತ್ಸಾರ ಮಾಡಬೇಕೆಂಬ ನಿಯಮವನ್ನು ಅವಳು ಎಂದೂ ಪಾಲಿಸಿದವಳಲ್ಲ.

ಅದು ಬಂಡೆ ಹತ್ತುವವರ ಕ್ಲಬ್ಬು. ವಾರವಿಡೀ ಕುರ್ಚಿ ಸವೆಸಿ, ಭಾನುವಾರ ಊರಾಚೆಯ ಬಂಡೆಗೆ ಅಂಟಿಕೊಂಡು, ಸೋಮವಾರ ಕೈಯೋ ಕಾಲೋ ಮುರಿದುಕೊಂಡು ಅವಳ ಮುಂದೆ ಬಂದು ಮಲಗುವ ಜನ. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದ ಎಂಬ ಗಾದೆ ಇವರಿಗಾಗಿಯೇ ಹುಟ್ಟಿದ್ದೆಂದು ಅವಳ ದೃಢವಾದ ನಂಬಿಕೆ.

ಅವಳು ಊರಿನ ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರು. ನರ್ಸುಗಳು ಬೆನ್ನ ಹಿಂದೆ ಇಟ್ಟ ಹೆಸರು ‘ಬ್ಲೇಡ್’. ಕೊರೆಯುತ್ತಾಳೆಂದಲ್ಲ. ಅವಳು ಆಡುವುದೇ ಎರಡು ಮಾತು, ಅದೂ ಮೆಲುದನಿಯಲ್ಲಿ. ಆದರೆ ಕೇಳಿಸಿಕೊಂಡವರಿಗೆ ಅಲ್ಲಿ ಏನೂ ಗೊತ್ತಾಗದೆ, ಮನೆಗೆ ಹೋಗಿ ಕೈ ತೊಳೆಯುವಾಗ ಉರಿಯಲು ಶುರುವಾಗುತ್ತಿತ್ತು.

ಕ್ಲಬ್ಬಿನವರು ಹೊಸದಾಗಿ ರಕ್ಷಣಾ ತಂಡ ಕಟ್ಟಿದ್ದರು. ಬಿದ್ದವರಿಗೆ ಬಂಡೆಯ ಮೇಲೇ ಮೊದಲ ಚಿಕಿತ್ಸೆ ಕೊಡಲು, ಬೆನ್ನಿಗೆ ಹಾಕಿಕೊಂಡು ಹೋಗುವಂಥ ಚೀಲವೊಂದು ಬೇಕಿತ್ತು. ಕ್ಲಬ್ಬಿನ ಅಧ್ಯಕ್ಷರೂ ಆಸ್ಪತ್ರೆಯ ಮುಖ್ಯಸ್ಥರೂ ಒಂದೇ ಈಜುಕೊಳದಲ್ಲಿ ತೇಲುವ ಸ್ನೇಹಿತರಾದ್ದರಿಂದ, ಚೀಲ ಆರಿಸಿ, ತುಂಬಿಸಿ, ಬಳಸುವುದನ್ನೂ ಕಲಿಸಿಕೊಡುವ ಪುಣ್ಯ ಇವಳ ಪಾಲಿಗೆ ಬಂದಿತ್ತು.

“ಬನ್ನಿ ಡಾಕ್ಟ್ರೇ, ಬನ್ನಿ! ನಿಮಗೆ ಕೆಲಸಾನೇ ಇಲ್ಲ. ನಾನು ಆಲ್ರೆಡಿ ತರಿಸಿಬಿಟ್ಟಿದೀನಿ,” ಎಂದರು ಅಧ್ಯಕ್ಷರು. ದುಂಡನೆಯ ಮುಖ, ಮೈಗಂಟಿದ ಟೀ ಶರ್ಟು, ಎದೆಯ ಮೇಲೆ ಚಿನ್ನದ ದಾರದಲ್ಲಿ ಕ್ಲಬ್ಬಿನ ಲೋಗೊ. ಮೇಜಿನ ಮೇಲಿನ ಕೆಂಪು ಡಬ್ಬಿಯ ಮೇಲೂ ಅದೇ ಲೋಗೊ. “ಇನ್ನೂರು ಐಟಂ! ಏನು ಬೇಕು ಕೇಳಿ, ಇದೆ.”

ಅವಳು ಡಬ್ಬಿ ತೆರೆದು ಮೇಜಿನ ಮೇಲೆ ಸುರಿದಳು. ಬೆರಳಿಗೆ ಅಂಟಿಸುವ ಪಟ್ಟಿಗಳು ಮಳೆಯ ಹಾಗೆ ಸುರಿದವು. ಅರ್ಧದಷ್ಟರ ಮೇಲೆ ಆನೆಮರಿಯ ಚಿತ್ರ.

“ಬಂಡೆ ಮೇಲಿಂದ ಬಿದ್ದೋನಿಗೆ ಆನೆಮರಿ ಎಲ್ಲಿಗೆ ಅಂಟಿಸ್ತೀರಿ?”

“ಅದು... ಸಣ್ಣಪುಟ್ಟ ಗಾಯಕ್ಕೆ.”

“ಸಣ್ಣ ಗಾಯದಿಂದ ಯಾರೂ ಸಾಯಲ್ಲ ಸರ್. ಉಗುಳು ಹಚ್ಚಿದ್ರೂ ವಾಸಿಯಾಗುತ್ತೆ.” ಆನೆಮರಿಗಳನ್ನು ಕಸದ ಬುಟ್ಟಿಗೆ ತಳ್ಳಿದಳು. “ಇದೇನು?”

“ಹಾವು ಕಚ್ಚಿದ್ರೆ ವಿಷ ಹೀರೋ ಪಂಪು!” ಅಧ್ಯಕ್ಷರ ಎದೆ ಉಬ್ಬಿತು.

“ಇದು ವಿಷ ಹೀರಲ್ಲ. ನಿಮ್ಮಂಥವರ ದುಡ್ಡು ಹೀರುತ್ತೆ.” ಪಂಪು ಬುಟ್ಟಿಗೆ ಹೋಯಿತು. ಹಿಂದೆಯೇ ಮುಲಾಮು, ಗುಂಡುಪಿನ್ನು, ಕಣ್ಣು ತೊಳೆಯುವ ಪುಟ್ಟ ಬಟ್ಟಲು, ಆಟಿಕೆಯಂಥ ಕತ್ತರಿ. ಕತ್ತರಿಯನ್ನು ಬಿಸಾಡುವ ಮುಂಚೆ ತನ್ನ ಜೀನ್ಸಿನ ಅಂಚಿಗೆ ಹಾಕಿ ನೋಡಿದಳು. ಅದು ಬಟ್ಟೆಯನ್ನು ಚಪ್ಪರಿಸಿತು, ಕತ್ತರಿಸಲಿಲ್ಲ.

ಆಗ ಮೇಲಿನಿಂದ ‘ಲೊಚ್’ ಎಂದು ಸದ್ದಾಯಿತು.

ಅವಳು ತಲೆಯೆತ್ತಿದಳು. ಬಾಗಿಲ ಚೌಕಟ್ಟಿನ ಮೇಲೆ ಹೊಡೆದಿದ್ದ ಮರದ ಪಟ್ಟಿಯಿಂದ, ಎರಡೂ ಕೈಯ ಬೆರಳತುದಿಗಳಲ್ಲಿ, ಒಬ್ಬ ಮನುಷ್ಯ ನೇತಾಡುತ್ತಿದ್ದ. ಉದ್ದ ತೋಳು, ಮೂಳೆ ಎದ್ದ ಮುಖ, ಇಡೀ ದೃಶ್ಯವನ್ನು ಜುಜುಬಿ ಎನ್ನುವಂತೆ ನೋಡುತ್ತಿದ್ದ ಕಣ್ಣು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಗ್ಗೆ ಕನ್ನಡಿಯಲ್ಲಿ ಸಿಗುತ್ತಿತ್ತು.

“ನಮ್ಮ ತಂಡದ ಲೀಡರು. ಸೇತುವೆ ಇಂಜಿನಿಯರು. ಹಗ್ಗ ಕಟ್ಟಿಕೊಂಡು ಸೇತುವೆ ಕೆಳಗೆ ಬಿರುಕು ಹುಡುಕೋದು ಕೆಲಸ. ನಾವೆಲ್ಲ ಹಲ್ಲಿ ಅಂತೀವಿ,” ಎಂದರು ಅಧ್ಯಕ್ಷರು.

“ಗೊತ್ತಾಗುತ್ತೆ,” ಎಂದಳು ಡಾಕ್ಟರು.

ಹಲ್ಲಿ ಸದ್ದಿಲ್ಲದೆ ನೆಲಕ್ಕಿಳಿದ. “ಮೇಡಂ, ನೀವು ಬಿಸಾಕಿದ್ದೆಲ್ಲ ಸರಿ. ಎರಡು ತಿಂಗಳಿಂದ ನಾನೂ ಅದನ್ನೇ ಬೊಗಳ್ತಿದೀನಿ. ಈಗ ನೀವು ತುಂಬಿಸಿಕೊಂಡು ಬನ್ನಿ. ನಾನು ಬಿಸಾಕ್ತೀನಿ.”

*

ಮುಂದಿನ ವಾರ ಅವಳು ತುಂಬಿಸಿಕೊಂಡು ಬಂದಳು. ಆಸ್ಪತ್ರೆಯ ಹಳೆಯ ಚೀಲದಲ್ಲಿ ಒಂದು ಪುಟ್ಟ ಆಸ್ಪತ್ರೆಯನ್ನೇ ಇಳಿಸಿದ್ದಳು. ಅಧ್ಯಕ್ಷರು ಅದನ್ನು ನೋಡಿ ಭಕ್ತಿಯಿಂದ ಕೈಕಟ್ಟಿ ನಿಂತರು. ಹಲ್ಲಿ ಚೀಲವನ್ನು ಎತ್ತಿ, ಅವಳ ಬೆನ್ನಿಗೇ ಏರಿಸಿದ.

“ಮೆಟ್ಟಿಲು ಇಳಿದು ಹತ್ತಿ ಬನ್ನಿ.”

“ನಾನ್ಯಾಕೆ ಹತ್ತಬೇಕು? ಹೊರೋದು ನೀವು.”

“ಅದಕ್ಕೇ ಹೇಳ್ತಿರೋದು. ಹೊರೋನ ಕಷ್ಟ ಹೇರೋರಿಗೂ ಗೊತ್ತಾಗಲಿ.”

ಸೋಲೊಪ್ಪುವುದು ಅವಳ ಜಾತಕದಲ್ಲಿರಲಿಲ್ಲ. ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಕೆಳಗೆ ಟೈರ್ ಅಂಗಡಿಯವನು ಗಾಳಿ ತುಂಬುವುದನ್ನು ಬಿಟ್ಟು ನೋಡಿದ. ಮೂರನೆಯ ಸಲ ಮೇಲೆ ಬಂದಾಗ ಅವಳ ಬೆನ್ನು ಬೆವರಿನಲ್ಲಿ ತೊಯ್ದಿತ್ತು, ಆದರೆ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಹಲ್ಲಿ ಆ ಮುಖವನ್ನು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದ. ಆಮೇಲೆ ಚೀಲದ ಬಾಯಿ ಬಿಚ್ಚಿದ.

“ಸಲೈನ್ ಬಾಟಲಿ. ಬಂಡೆ ಮೇಲೆ ಇದನ್ನ ಎಲ್ಲಿ ತೂಗುಹಾಕ್ತೀರಿ? ಮೊಳೆ ಹೊಡೀಲಾ?” ಬಾಟಲಿ ಹೊರಗೆ. “ಸ್ಟೆತಾಸ್ಕೋಪು. ಆ ಗಾಳೀಲಿ ನಿಮ್ಮ ಎದೆಬಡಿತಾನೇ ನಿಮಗೆ ಕೇಳಿಸಲ್ಲ.” ಅದೂ ಹೊರಗೆ. “ಬಿಪಿ ಮಷಿನ್ನು. ಅಯ್ಯಯ್ಯೋ.”

ಅವನೆಂದದ್ದು ಸರಿ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅದಕ್ಕೇ ಸಿಟ್ಟು. ಅಷ್ಟರಲ್ಲಿ ಅವನ ಕೈ ಮಡಚಿದ ಬೆಳ್ಳಿಬಣ್ಣದ ಹಾಳೆಯ ಮೇಲೆ ಬಿತ್ತು. “ಇದೇನು, ಚಾಕೊಲೇಟ್ ಸುತ್ತೋ ಕಾಗದನಾ?”

“ಅದನ್ನ ಮುಟ್ಟಿದ್ರೆ ಕೈ ಮುರೀತೀನಿ. ರಕ್ತ ಹೋದವರ ಮೈ ತಣ್ಣಗಾಗುತ್ತೆ. ಮೈ ತಣ್ಣಗಾದ್ರೆ ರಕ್ತ ಹೆಪ್ಪುಗಟ್ಟಲ್ಲ. ಇಡೀ ಚೀಲದಲ್ಲಿ ತೂಕ ಇಲ್ಲದ ಔಷಧಿ ಇದೊಂದೇ.”

ಹಲ್ಲಿ ಹಾಳೆಯನ್ನು ಮರುಮಾತಿಲ್ಲದೆ ವಾಪಸ್ ಇಟ್ಟ. ಆಮೇಲೆ ಟೂರ್ನಿಕೆಟ್ ಎತ್ತಿಕೊಂಡ. ರಕ್ತ ಚಿಮ್ಮುವ ಕೈಕಾಲಿಗೆ ಮೇಲಿನಿಂದ ಬಿಗಿದು, ಕಡ್ಡಿ ತಿರುಗಿಸಿ ರಕ್ತವನ್ನೇ ನಿಲ್ಲಿಸುವ ಪಟ್ಟಿ. “ಇದು ಯಾಕೆ ಎರಡು?”

“ಮನುಷ್ಯನಿಗೆ ಕಾಲೆಷ್ಟು?”

“ಎರಡು.”

“ಮತ್ತೆ?”

‘ಲೊಚ್’ ಎಂದು ನಾಲಿಗೆ ಸದ್ದು ಮಾಡಿದ. ಅದು ಅವನ ಅಭ್ಯಾಸವೆಂದು, ಒಪ್ಪಿಗೆಗೂ ಅಸಮ್ಮತಿಗೂ ಅದೊಂದೇ ಸದ್ದೆಂದು ಅವಳಿಗೆ ಆಗ ತಿಳಿಯಿತು.

“ಹಲ್ಲಿ ಲೊಚಗುಟ್ಟಿದ್ರೆ ಹೇಳಿದ ಮಾತು ನಿಜ ಅಂತಾರೆ,” ಎಂದಳು.

ಅವನ ತುಟಿಯ ಒಂದು ಕೊನೆ ಮಾತ್ರ ಮೇಲಕ್ಕೆ ಹೋಯಿತು. ಎರಡನ್ನೂ ಏರಿಸುವಷ್ಟು ಉದಾರಿ ಅವನಲ್ಲ.

*

ಚೀಲ ಕೊಳ್ಳಲು ಇಬ್ಬರೂ ಕ್ರೀಡಾ ಸಾಮಾನಿನ ಅಂಗಡಿಗೆ ಹೋದರು. ಮಾಲೀಕನ ಬಾಯಿ ಬಾಗಿಲಿಗಿಂತ ಮುಂಚೆ ತೆರೆದುಕೊಂಡಿತು.

“ಇದು ನೋಡಿ ಸಾರ್, ಸೈನ್ಯದವರೇ ಬಳಸೋದು.”

“ಯಾವ ಸೈನ್ಯ? ಗೆದ್ದಿದ್ದೋ, ಸೋತಿದ್ದೋ?” ಎಂದ ಹಲ್ಲಿ.

ಡಾಕ್ಟರಿಗೆ ನಗು ಬಂತು. ಮೂಗಿನಿಂದ ಹೊರಟ ಸಣ್ಣ ಸದ್ದು ಅಷ್ಟೇ, ಆದರೂ ನಗುವೇ. ಹಲ್ಲಿ ಥಟ್ಟನೆ ಅವಳ ಕಡೆ ತಿರುಗಿದ, ಖಾಲಿ ಮನೆಯಲ್ಲಿ ಯಾರೋ ದೀಪ ಹಾಕಿದ್ದನ್ನು ಕಂಡವನ ಹಾಗೆ.

ಅವಳು ಕೈಗವಸು ಹಾಕಿಕೊಂಡು, ಮಾಲೀಕನ ನೀರಿನ ಬಾಟಲಿ ಕೇಳಿ, ಕೈಯನ್ನೆಲ್ಲ ಒದ್ದೆ ಮಾಡಿಕೊಂಡಳು. “ರಕ್ತ ಜಾರುತ್ತೆ. ಒದ್ದೆ ಕೈಯಲ್ಲಿ ಜಿಪ್ಪು ಬರದಿದ್ರೆ ಚೀಲ ಇದ್ದೂ ಇಲ್ಲದ ಹಾಗೆ.” ಸೈನ್ಯದ ಚೀಲದ ಜಿಪ್ಪು ಅರ್ಧಕ್ಕೇ ಮುನಿಸಿಕೊಂಡು ನಿಂತಿತು. ಇನ್ನೊಂದು ಮೂಟೆಯ ಹಾಗೆ, ಮೇಲಿನಿಂದ ಮಾತ್ರ ಬಾಯಿ. ಬೇಕಾದ್ದು ಯಾವಾಗಲೂ ತಳದಲ್ಲೇ ಇರುವ ಜಾತಿ. ಮತ್ತೊಂದಕ್ಕೆ ಹನ್ನೆರಡು ಜೇಬು.

“ಹನ್ನೆರಡರಲ್ಲಿ ಯಾವುದರಲ್ಲಿದೆ ಅಂತ ಹುಡುಕೋ ಹೊತ್ತಿಗೆ ಬಿದ್ದೋನ ತಿಥಿ ಆಗಿರುತ್ತೆ,” ಎಂದಳು.

“ಹದಿಮೂರನೇ ಜೇಬು ಅದಕ್ಕೇ ಇಟ್ಟಿಲ್ಲ,” ಎಂದ ಅವನು.

ಮಾಲೀಕ ಅಳುವ ಹಾಗಾದ. ಕೊನೆಗೆ ಅವನೇ ಮರೆತಿದ್ದ ಒಂದು ಹಳದಿ ಚೀಲ ಅಟ್ಟದಿಂದ ಇಳಿಯಿತು. ಪುಸ್ತಕದ ಹಾಗೆ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು, ಒಳಗಿನ ಜೇಬುಗಳೆಲ್ಲ ಪಾರದರ್ಶಕ, ಜಿಪ್ಪಿನ ತುದಿಗೆ ಹೆಬ್ಬೆರಳು ತೂರುವಷ್ಟು ದೊಡ್ಡ ಕುಣಿಕೆ. ಒದ್ದೆ ಕೈಗೂ ಬೆಣ್ಣೆಯಂತೆ ಜಾರಿತು.

“ಮೇಡಂ, ನಿಮ್ಮ ಯಜಮಾನರು ಬಹಳ ಕಟ್ಟುನಿಟ್ಟು,” ಎಂದ ಮಾಲೀಕ, ಬೆವರೊರೆಸಿಕೊಳ್ಳುತ್ತ.

“ಇವರಾ?” ಎಂದರು ಇಬ್ಬರೂ, ಒಂದೇ ಉಸಿರಿನಲ್ಲಿ, ಒಂದೇ ಅಸಹ್ಯದಲ್ಲಿ.

ಹಳದಿ ಚೀಲ ಹೊತ್ತು ಇಬ್ಬರೂ ಬೀದಿಗಿಳಿದರು. ಅವಳಿಗೆ ವಿಚಿತ್ರವಾದ ಹಗುರ. ಇಷ್ಟು ವರ್ಷ ಅವಳು ಜಗತ್ತನ್ನು ಒಬ್ಬಳೇ ತಾತ್ಸಾರ ಮಾಡಿಕೊಂಡು ಬಂದಿದ್ದಳು. ಅದೂ ಒಂದು ಹೊರೆ, ಅದಕ್ಕೂ ಇನ್ನೊಂದು ಹೆಗಲು ಸಿಗಬಹುದು ಎಂದು ಅವಳಿಗೆ ಹೊಳೆದಿರಲೇ ಇಲ್ಲ.

ಮನೆಯಲ್ಲಿ ಸೋದರತ್ತೆ, ಅವಳನ್ನು ಸಾಕಿ ಬೆಳೆಸಿದಾಕೆ, ನಿವೃತ್ತ ಟೆಲಿಫೋನ್ ಆಪರೇಟರ್, ಊರೆಲ್ಲರ ಗುಟ್ಟನ್ನು ಒಂದು ಕಾಲಕ್ಕೆ ಕಿವಿಯಲ್ಲಿ ಹೊತ್ತವಳು, ತಟ್ಟೆಯ ಮುಂದೆ ಕೂತ ಸೋದರಸೊಸೆಯನ್ನು ಕನ್ನಡಕದ ಮೇಲಿನಿಂದ ನೋಡಿದಳು. “ಏನೇ, ಊಟ ಚೆನ್ನಾಗಿಲ್ಲ ಅಂತ ಇವತ್ತು ಹೇಳಲೇ ಇಲ್ಲ? ಹುಷಾರಿಲ್ವಾ?”

“ಚೆನ್ನಾಗಿದೆ ಅತ್ತೆ.”

“ಅಯ್ಯೋ ದೇವರೇ! ಯಾರವನು?”

*

ಆಮೇಲಿನ ಸಂಜೆಗಳು ಚೀಲ ತುಂಬಿಸುವುದರಲ್ಲಿ ಕಳೆದವು. ಒಬ್ಬರು ಇಡುವುದು, ಇನ್ನೊಬ್ಬರು ತೆಗೆಯುವುದು. ಟೂರ್ನಿಕೆಟ್ ಹೊರಗಿನ ಜೇಬಿಗೆ, ಎಡಗೈಗೂ ಬಲಗೈಗೂ ಸಿಗುವಂತೆ. ಚೀಲದ ಒಳಗೆ ಗಾಯಕ್ಕೆ ತುರುಕುವ ಜಾಳು ಬಟ್ಟೆ, ಒತ್ತಿ ಕಟ್ಟುವ ಅಗಲದ ಬ್ಯಾಂಡೇಜು, ಎದೆಗೆ ತೂತಾದರೆ ಅಂಟಿಸುವ ಹಾಳೆ, ಮೂಳೆ ಮುರಿದರೆ ಬೇಕಾದ ಆಕಾರಕ್ಕೆ ಬಗ್ಗುವ ಪಟ್ಟಿ, ಬೂಟನ್ನೂ ಕತ್ತರಿಸುವ ಕತ್ತರಿ. ಒದ್ದೆಯ ಮೇಲೂ ಬರೆಯುವ ಮಾರ್ಕರ್ ಪೆನ್ನು.

“ಕಣ್ಣು ಮುಚ್ಚಿ ತೆಗೀರಿ,” ಎನ್ನುತ್ತಿದ್ದಳು ಅವಳು. ಅವನು ಕಣ್ಣು ಮುಚ್ಚಿ ಹುಡುಕುತ್ತಿದ್ದ. ಅವನ ರೆಪ್ಪೆಗಳು ಅಷ್ಟು ಉದ್ದವೆಂದು ಅವಳು ಗಮನಿಸಿದ್ದು ಹಾಗೆ. ಗಂಡಸಿಗೆ ಯಾಕೆ ಇಷ್ಟುದ್ದ ರೆಪ್ಪೆ, ದಂಡ, ಎಂದುಕೊಂಡಳು. ಮತ್ತೆ ಮತ್ತೆ ಕಣ್ಣು ಮುಚ್ಚಿಸಿದಳು.

“ಇನ್ನೂ ಎಷ್ಟು ಸಲ?” ಎಂದ ಅವನು, ಕಣ್ಣು ಮುಚ್ಚಿಕೊಂಡೇ.

“ನನಗೆ ಸಾಕು ಅನ್ನಿಸೋವರೆಗೆ.”

“ಯಾವುದು ಸಾಕು ಅನ್ನಿಸೋವರೆಗೆ?” ಎಂದು ಒಂದು ಕಣ್ಣು ತೆರೆದ. ಅವಳು ಸಿಕ್ಕಿಬಿದ್ದಳು. ಕಿವಿಯ ತುದಿ ಬಿಸಿಯಾಯಿತು. ಕತ್ತರಿಯನ್ನು ಸುಮ್ಮನೆ ಎತ್ತಿ ಅದೇ ಜಾಗದಲ್ಲಿಟ್ಟಳು.

*

ಕೆಟ್ಟದ್ದು ಆದದ್ದು ತರಬೇತಿಯ ದಿನ. ಇಡೀ ಕ್ಲಬ್ಬು ಸೇರಿತ್ತು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕೂತು ಚೀಲದ ಮೇಲೆ ಲೋಗೊ ಎಲ್ಲಿ ಹೊಲಿಸಬಹುದೆಂದು ಅಳೆಯುತ್ತಿದ್ದರು. ಒಬ್ಬ ಸದಸ್ಯ ಗಾಯಾಳುವಿನ ಪಾತ್ರ ವಹಿಸಿ ಮಲಗಿದ. ಟೂರ್ನಿಕೆಟ್ ಹಾಕಬೇಕಾದವನು ಹಲ್ಲಿ.

ಚೀಲದಿಂದ ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಬಂತು. ತೊಡೆಗೆ ಸುತ್ತಿದ, ಎಳೆದ, ಕಡ್ಡಿ ತಿರುಗಿಸತೊಡಗಿದ. ಮಲಗಿದವನು ನಿಜವಾಗಿಯೇ “ಅಮ್ಮಾ, ನೋವು!” ಎಂದು ಅರಚಿದ. ಹಲ್ಲಿಯ ಕೈ ನಿಂತಿತು. ಅರ್ಧ ಸುತ್ತು ಸಡಿಲಿಸಿದ.

ಅಷ್ಟು ಹೊತ್ತೂ ಅವನ ಮೇಲೇ ಇದ್ದ ಡಾಕ್ಟರ ಕಣ್ಣಿಗೆ ಅದು ಕಂಡಿತು. ಯಾರು ಬೇಕಾದರೂ ತಪ್ಪಬಹುದು, ಇವನಲ್ಲ, ಎಂದು ಯಾವಾಗಲೋ ಅವಳ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಆ ನಿರಾಸೆ ನಾಲಿಗೆಗೆ ಬರುವ ಹೊತ್ತಿಗೆ ಬ್ಲೇಡಾಗಿತ್ತು.

“ಯಾಕೆ ಬಿಟ್ರಿ? ನೋವಾಯ್ತು ಅಂತಾನಾ? ಅರ್ಧ ಸುತ್ತು ಸಡಿಲ ಬಿಟ್ರೆ ರಕ್ತ ನಿಲ್ಲಲ್ಲ. ಸರಿ, ಎಲ್ಲರೂ ಕೇಳಿಸಿಕೊಳ್ಳಿ. ಹಲ್ಲಿಗೆ ಬಾಲ ಉದುರಿದ್ರೆ ಮತ್ತೆ ಬೆಳೆಯುತ್ತೆ. ಮನುಷ್ಯರಿಗೆ ಕಾಲು ಬೆಳೆಯಲ್ಲ. ಆ ವ್ಯತ್ಯಾಸ ಗೊತ್ತಿಲ್ಲದವರು ಗೋಡೆ ಮೇಲೇ ಇರಲಿ, ರೋಗಿ ಹತ್ತಿರ ಬರೋದು ಬೇಡ.”

ಕೋಣೆಗೆ ಕೋಣೆಯೇ ನಕ್ಕಿತು. ಅಧ್ಯಕ್ಷರು ತೊಡೆ ತಟ್ಟಿಕೊಂಡು ನಕ್ಕರು. ಎಷ್ಟೋ ವರ್ಷಗಳಿಂದ ಅವನ ಮಾತಿನ ಚೂಪು ತಿಂದವರಿಗೆ ಅಂದು ಹಬ್ಬದೂಟ.

ಹಲ್ಲಿ ನಗಲಿಲ್ಲ, ಲೊಚಗುಟ್ಟಲೂ ಇಲ್ಲ. ಪಟ್ಟಿಯನ್ನು ಬಿಚ್ಚಿ, ಮೊದಲಿದ್ದಂತೆಯೇ ಮಡಚಿ, ಅದರ ಜೇಬಿಗೆ ಸೇರಿಸಿದ. “ಮುಂದಿನ ಭಾನುವಾರ ಬಂಡೆ ಹತ್ತಿರ ಪ್ರಾಕ್ಟೀಸ್ ಇದೆ. ಎಲ್ಲರೂ ಹೊತ್ತಿಗೆ ಸರಿಯಾಗಿ ಬನ್ನಿ,” ಎಂದಷ್ಟೇ ಹೇಳಿ ಮೆಟ್ಟಿಲಿಳಿದ.

ಆ ವಾರ ಅವಳು ಫೋನಿಗೆ ಹಾಕಿದ ಸಂದೇಶಗಳಿಗೆಲ್ಲ ‘ಓಕೆ’ ಎಂಬ ಒಂದೇ ಉತ್ತರ ಬಂತು. ಕೈಗವಸು ಇನ್ನೊಂದು ಜೊತೆ ಇಡಬೇಕು. ಓಕೆ. ಭಾನುವಾರ ನಾನೂ ಬರ್ತೀನಿ. ಓಕೆ. ಆ ಎರಡಕ್ಷರದ ತಾತ್ಸಾರವನ್ನು ಅವಳು ತಜ್ಞೆಯಾಗಿ ಮೆಚ್ಚಿಕೊಂಡಳು. ಮೆಚ್ಚಿಕೊಂಡು ಮುಖ ತೊಳೆಯಲು ಹೋದಳು.

“ಏನಂದೆ ಅವನಿಗೆ?” ಎಂದಳು ಸೋದರತ್ತೆ ಬಾತ್‌ರೂಮಿನ ಬಾಗಿಲ ಹೊರಗಿನಿಂದ.

ಹೇಳಿದಳು.

“ಬಾಲದ ಮಾತು ಚೆನ್ನಾಗಿದೆ,” ಎಂದಳು ಅತ್ತೆ. “ನಾನೂ ಚಿಕ್ಕವಳಿದ್ದಾಗ ಇಂಥ ಮಾತು ಬಹಳ ಚೆನ್ನಾಗಿ ಆಡ್ತಿದ್ದೆ. ಈಗ ಯಾರ ಹತ್ತಿರ ಆಡಲಿ ಹೇಳು, ನೀನು ಡ್ಯೂಟಿಗೆ ಹೋದ ಮೇಲೆ?”

*

ಭಾನುವಾರ ಬೆಳಗ್ಗೆ ಬಿಸಿಲು ಬಂಡೆಯ ನೆತ್ತಿಯಿಂದ ಇಳಿಯುತ್ತಿತ್ತು. ಹಲ್ಲಿ ಹಳದಿ ಚೀಲ ಬೆನ್ನಿಗೇರಿಸಿಕೊಂಡು ಹಗ್ಗ ಪರೀಕ್ಷಿಸುತ್ತಿದ್ದ. ಅವಳ ಕಡೆ ನೋಡಿ ತಲೆ ಬಾಗಿಸಿದ, ಬಸ್ಸಿನಲ್ಲಿ ಎದುರು ಸೀಟಿನವರಿಗೆ ಬಾಗಿಸುವ ಹಾಗೆ.

ಅಧ್ಯಕ್ಷರಿಗೆ ಕ್ಲಬ್ಬಿನ ಕ್ಯಾಲೆಂಡರಿಗೊಂದು ಫೋಟೊ ಬೇಕಿತ್ತು. ಮಕ್ಕಳೂ ಹತ್ತುವ ಮೊದಲ ಅಂಚಿನ ಮೇಲೆ ನಿಂತು, ಸೊಂಟದ ಹಗ್ಗ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಬಿಚ್ಚಿ, ಕೈ ಚಾಚಿ, ಹೊಟ್ಟೆ ಒಳಗೆಳೆದುಕೊಂಡು, ಇನ್ನೂ ಚೂರು ಹಿಂದೆ ಸರಿದರು. ಅಲ್ಲಿ ಬಂಡೆ ಇರಲಿಲ್ಲ.

ಉರುಳಿ ಹೋಗಿ ಪಕ್ಕದ ಕಮರಿಯ ಗೋಡೆಯಿಂದ ಹೊರಚಾಚಿದ ಕಿರಿದಾದ ಕಲ್ಲಿನ ಮೇಲೆ ಬಿದ್ದರು. ನೆಲದಿಂದ ಎರಡಾಳೆತ್ತರ, ಹಗ್ಗವಿಲ್ಲದೆ ಮುಟ್ಟಲಾಗದ ಜಾಗ. ಯಾರಾದರೂ ಕಿರುಚುವ ಮೊದಲೇ ಹಲ್ಲಿ ಹಗ್ಗದ ಸಮೇತ ಅರ್ಧ ದೂರ ಏರಿದ್ದ.

“ಡಾಕ್ಟ್ರೇ!” ಮೇಲಿನಿಂದ ಅವನ ದನಿ. “ಮೊಣಕಾಲ ಕೆಳಗೆ ಮೂಳೆ ಹೊರಗೆ ಬಂದಿದೆ. ರಕ್ತ ಚಿಮ್ತಿದೆ.”

“ಪಟ್ಟಿ! ತೊಡೆಗೆ! ಪೂರ್ತಿ ನಿಲ್ಲೋವರೆಗೆ ತಿರುಗಿಸಿ!”

ಆಮೇಲೆ ಅಧ್ಯಕ್ಷರ ಅರಚಾಟ. ಬೇಡ, ಬಿಡು, ಸಾಯ್ತೀನಿ, ಕಾಲಿಗೆ ಬೀಳ್ತೀನಿ ಬಿಡೋ. ಕೆಳಗೆ ನಿಂತವಳಿಗೆ ಏನೂ ಕಾಣುತ್ತಿರಲಿಲ್ಲ. ಅವನು ಬಿಟ್ಟನೋ, ಬಿಗಿದನೋ? ಅರಚಾಟ ನರಳಾಟಕ್ಕಿಳಿಯಿತು. ಅದು ಒಳ್ಳೆಯ ಲಕ್ಷಣವೂ ಆಗಬಹುದು, ಕೆಟ್ಟದ್ದೂ ಆಗಬಹುದು.

“ನನ್ನನ್ನ ಮೇಲಕ್ಕೆ ಎಳೀರಿ,” ಎಂದಳು ಹತ್ತಿರವಿದ್ದವರಿಗೆ.

“ನಿಮಗೆ ಹತ್ತೋಕೆ ಬರಲ್ಲ ಮೇಡಂ...”

“ಎಳೀರಿ ಅಂದೆ.”

ಸೊಂಟಕ್ಕೆ ಹತ್ತುವವರ ಪಟ್ಟಿ ಬಿಗಿದು, ಹಲ್ಲಿ ಮೇಲೆ ಕಟ್ಟಿದ್ದ ಹಗ್ಗಕ್ಕೆ ಸಿಕ್ಕಿಸಿ ಎಳೆದರು. ಬಂಡೆ ಅವಳ ಮೊಣಕೈ ತರಚಿತು. ಒಮ್ಮೆ ಕೆಳಗೆ ನೋಡಿದಳು. ಅಷ್ಟೇ, ಕಾಲು ಅವಳದಲ್ಲದ ಹಾಗೆ ನಡುಗಲು ಶುರುವಾಯಿತು. ಎತ್ತರವೆಂದರೆ ತನಗೆ ಇಷ್ಟು ಭಯವೆಂದು ಅವಳಿಗೇ ಗೊತ್ತಿರಲಿಲ್ಲ. ನೆಲದ ಮೇಲಿದ್ದು ತಾತ್ಸಾರ ಮಾಡಿದವಳಿಗೆ ಅದು ತಿಳಿಯುವ ಸಂದರ್ಭವೇ ಬಂದಿರಲಿಲ್ಲ. ಆ ಕಲ್ಲಿನ ಅಂಚು ತಲುಪಿದಾಗ ಎರಡೂ ಕೈಯಲ್ಲಿ ಹಗ್ಗ ಹಿಡಿದವಳು ಬಿಡಲಾರದೆ ನಿಂತುಬಿಟ್ಟಳು.

ಅಧ್ಯಕ್ಷರ ತೊಡೆಗೆ ಪಟ್ಟಿ ಕಲ್ಲಿನಂತೆ ಬಿಗಿದಿತ್ತು. ಗಾಯದಿಂದ ಒಂದು ತೊಟ್ಟೂ ಬರುತ್ತಿರಲಿಲ್ಲ. ಪಟ್ಟಿಯ ಮೇಲೆ ಮಾರ್ಕರಿನಲ್ಲಿ ಕಟ್ಟಿದ ಸಮಯ ಬರೆದಿತ್ತು. ಹಲ್ಲಿ ಮೊಣಕಾಲೂರಿ ಕೂತಿದ್ದ, ಅವನ ಕೆನ್ನೆಯ ಮೇಲೆ ಕಣ್ಣೀರು ಧೂಳಿನಲ್ಲಿ ದಾರಿ ಮಾಡಿಕೊಂಡಿತ್ತು. ಅಳುತ್ತಲೇ ತಿರುಗಿಸಿದ್ದ.

ಅವನು ಅವಳ ಮುಖ ನೋಡಿದ. ನಡುಗುವ ಮೊಣಕಾಲು ನೋಡಿದ. ಈಗ ಹೇಳುತ್ತಾನೆ, ಎಂದುಕೊಂಡಳು. ಅವನ ಜಾಗದಲ್ಲಿ ತಾನಿದ್ದಿದ್ದರೆ ಹೇಳಬಹುದಾಗಿದ್ದ ಚೂಪು ಮಾತುಗಳು ಅವಳಿಗೇ ಸಾಲಾಗಿ ಹೊಳೆದವು.

ಅವನು ಅವಳ ಸೊಂಟದ ಪಟ್ಟಿಯನ್ನು ಬಂಡೆಯ ಕೊಂಡಿಗೆ ಸಿಕ್ಕಿಸಿದ. ಮಣಿಕಟ್ಟು ಹಿಡಿದುಕೊಂಡ.

“ಕೆಳಗೆ ನೋಡಬೇಡಿ. ಇವರ ಮುಖ ನೋಡಿ. ಇದು ನಿಮಗೆ ಗೊತ್ತಿರೋ ಜಾಗ.”

ನೋಡಿದಳು. ಬಿಳಿಚಿದ ಮುಖ, ಒಣಗಿದ ತುಟಿ, ಹೆದರಿದ ಕಣ್ಣು. ಹೌದು, ಅದು ಅವಳ ಊರು. ಅವಳ ಬೆರಳುಗಳು ಹಗ್ಗ ಬಿಟ್ಟವು.

ಆಮೇಲೆ ಕೆಲಸ. ಕತ್ತು, ಉಸಿರು, ಎದೆ, ಹೊಟ್ಟೆ. ಅವಳು ಕೈ ಚಾಚಿದಲ್ಲಿ ಅವನು ವಸ್ತು ಇಡುತ್ತಿದ್ದ, ಕೇಳುವ ಮೊದಲೇ. ಗಾಯ ಮುಚ್ಚಿ, ಕಾಲಿಗೆ ಆಸರೆ ಬಗ್ಗಿಸಿ ಕಟ್ಟಿ, ಬೆಳ್ಳಿಯ ಹಾಳೆ ಹೊದಿಸಿದಳು. ಅಷ್ಟು ಹೊತ್ತೂ ಅವನ ಒಂದು ಕೈ ಅವಳ ಸೊಂಟದ ಪಟ್ಟಿಯನ್ನು ಹಿಂದಿನಿಂದ ಹಿಡಿದಿತ್ತು, ಅವಳ ಎರಡೂ ಕೈ ಖಾಲಿ ಇರಲೆಂದು.

“ನನ್ನ ಮಗಳಿಗೆ ಹೇಳಬೇಡಿ, ಹೆದರ್ತಾಳೆ,” ಎಂದರು ಅಧ್ಯಕ್ಷರು ಸಣ್ಣ ದನಿಯಲ್ಲಿ. ಚಿನ್ನದ ಲೋಗೊ ಹರಿದು ನೇತಾಡುತ್ತಿತ್ತು.

“ನೀವೇ ಹೇಳ್ತೀರಿ ಸರ್, ಸಂಜೆ,” ಎಂದಳು ಡಾಕ್ಟರು. ಅವರ ಕೈಯನ್ನು ಸ್ಟ್ರೆಚರ್ ಬರುವವರೆಗೂ ಬಿಡಲಿಲ್ಲ.

*

ಕಾಲು ಉಳಿಯಿತು. ಅಧ್ಯಕ್ಷರೂ ಪೂರ್ತಿಯಾಗಿ ಉಳಿದರು. ವಾರ್ಡಿಗೆ ಬಂದವರಿಗೆಲ್ಲ “ಆ ಹಳದಿ ಚೀಲ ಸೆಲೆಕ್ಟ್ ಮಾಡಿದ್ದೇ ನಾನು” ಎಂದು ಹೇಳತೊಡಗಿದರು. ಒಂದು ಗಳಿಗೆ ಅವರ ಮೇಲೆ ಹುಟ್ಟಿದ್ದ ಮಮತೆಯನ್ನು ಡಾಕ್ಟರು ನಿರಾಳವಾಗಿ ವಾಪಸ್ ಪಡೆದಳು.

ಹಲ್ಲಿ ಮಾತ್ರ ಆಸ್ಪತ್ರೆಯ ಕಡೆ ಬರಲಿಲ್ಲ. ಮೂರು ದಿನ ಕಾದು, ನಾಲ್ಕನೆಯ ದಿನ ಅವಳು ಹೊಸ ಟೂರ್ನಿಕೆಟ್, ಹೊಸ ಬ್ಯಾಂಡೇಜುಗಳನ್ನು ಒಂದು ಕವರಿಗೆ ಹಾಕಿಕೊಂಡು, ಚೀಲ ಮತ್ತೆ ತುಂಬಿಸಬೇಕೆಂಬ ನೆಪ ಕಟ್ಟಿಕೊಂಡು, ಅವನು ಕೆಲಸ ಮಾಡುತ್ತಿದ್ದ ಸೇತುವೆಗೆ ಹೋದಳು.

ನದಿಯ ದಡದಿಂದ ತಲೆಯೆತ್ತಿದರೆ, ಸೇತುವೆಯ ಹೊಟ್ಟೆಯ ಕೆಳಗೆ ಹಗ್ಗದಲ್ಲಿ ಕೂತು, ಪುಟ್ಟ ಸುತ್ತಿಗೆಯಿಂದ ಕಾಂಕ್ರೀಟು ತಟ್ಟಿ ಕೇಳುತ್ತಿದ್ದ. ಮೇಲೆ ಲಾರಿಗಳು ಗುಡುಗುತ್ತಿದ್ದವು. ಅಲ್ಲಲ್ಲಿ ಅವನ ಜೊತೆಯವರೂ ನೇತಾಡುತ್ತಿದ್ದರು.

“ಚೀಲಕ್ಕೆ ಸಾಮಾನು ತಂದಿದೀನಿ!” ಎಂದಳು.

“ಏನು?”

ಮೆಲುದನಿಯಲ್ಲಿ ಎರಡೇ ಮಾತಾಡುವವಳಿಗೆ ಅದು ಮರಣಸಂಕಟ. ಗಂಟಲು ಏರಿಸಿದಳು. “ಅವತ್ತು ನಾನು ಹಾಗೆ ಅನ್ನಬಾರದಿತ್ತು! ಎಲ್ಲರ ಮುಂದೆ!”

“ಕೇಳಿಸ್ತಿಲ್ಲ!”

“ನೋವು ನೋಡಿ ಕೈ ತಡೆಯೋದು ತಪ್ಪಲ್ಲ! ಅಳ್ತಾ ಅಳ್ತಾ ಬಿಗಿದರಲ್ಲ, ಅಂಥ ಕೈಯನ್ನ ನಾನು ಎಲ್ಲೂ ನೋಡಿಲ್ಲ! ಕ್ಷಮಿಸಿ!”

ಲಾರಿಯೊಂದು ಹಾದುಹೋಯಿತು. ಹಲ್ಲಿ ಕಿವಿಗೆ ಕೈ ಅಡ್ಡ ಹಿಡಿದ. “ಏನಂದ್ರಿ?”

“ಕ್ಷಮಿಸಿ ಅಂದೆ! ಊಟ ರುಚಿ ಹತ್ತುತ್ತಿಲ್ಲ, ಡ್ಯೂಟಿ ಮುಗಿದ್ರೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗ್ತಿಲ್ಲ! ಯಾರನ್ನಾದ್ರೂ ಬೈಯ್ಯೋಣ ಅಂದ್ರೆ ಪಕ್ಕದಲ್ಲಿ ನೀವಿಲ್ಲ! ನೀವಿಲ್ದೆ ಜನರನ್ನ ಕೀಳಾಗಿ ನೋಡೋದ್ರಲ್ಲೂ ಸುಖ ಇಲ್ಲ!”

“ಇನ್ನೂ ಸ್ವಲ್ಪ ಜೋರಾಗಿ!”

“ಸಾರ್, ನಮಗೆಲ್ಲ ಕೇಳಿಸ್ತು!” ಎಂದಿತು ಸೇತುವೆಯ ಆ ತುದಿಯಿಂದ ಒಂದು ದನಿ. ಇನ್ನೊಂದು ಹಗ್ಗದಿಂದ ಯಾರೋ ಸಿಳ್ಳೆ ಹಾಕಿದರು.

ಡಾಕ್ಟರ ಮುಖಕ್ಕೆ ಇದ್ದ ರಕ್ತವೆಲ್ಲ ಏರಿತು. “ನಿನಗೆ ಮೊದಲಿಂದಲೂ ಕೇಳಿಸ್ತಿದೆ!”

ಸುತ್ತಿಗೆಯ ಸದ್ದು ನಿಂತಿತು. ಹಗ್ಗ ಸರ್ರೆಂದಿತು. ಅವನು ನದಿಯ ಮೇಲಿನ ಬೆಳಕಿನೊಳಗೆ ಸೀದಾ ಇಳಿದು, ದಡದ ಕಲ್ಲುಗಳ ಮೇಲೆ, ಅವಳಿಂದ ಒಂದು ತೋಳಿನ ದೂರದಲ್ಲಿ ಕಾಲೂರಿದ. ಕೂದಲಲ್ಲಿ ಸಿಮೆಂಟಿನ ಪುಡಿ. ಇಷ್ಟು ದಿನ ಜಿಪುಣತನ ಮಾಡಿದ್ದ ತುಟಿಯ ಎರಡೂ ಕೊನೆಗಳು ಮೇಲೇರಿದ್ದವು.

“ಇನ್ನೊಂದ್ಸಲ ಅನ್ನಿ.”

“ಯಾವುದು? ಕ್ಷಮೆನಾ? ಆಗಲ್ಲ. ಮುಗೀತು.”

“ಅದಲ್ಲ. ‘ನಿನಗೆ’ ಅಂದ್ರಲ್ಲ. ಅದು.”

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಧೂಳು ಬಡಿದ ಬೂಟು, ಎಲ್ಲೆಲ್ಲೋ ಸಿಕ್ಕಿಸಿಕೊಂಡ ಕೊಂಡಿಗಳು, ದಂಡಕ್ಕೆ ಬೆಳೆದ ಆ ರೆಪ್ಪೆಗಳು. ಇಡೀ ಊರಿನಲ್ಲಿ ಇಂಥ ಅಸಂಬದ್ಧ ಪ್ರಾಣಿ ಇನ್ನೊಂದಿಲ್ಲ ಎನ್ನುವಂತೆ ನೋಡಿದಳು. ಕೈಯೆತ್ತಿ ಅವನ ಕೂದಲಿನ ಸಿಮೆಂಟನ್ನು ಕೊಡವಿದಳು. ಕೊಡವಿದ ಕೈಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

“ನಿನಗೆ ತಲೆ ಸರಿ ಇಲ್ಲ ಕಣೋ,” ಎಂದಳು, ಮೆಲುದನಿಯಲ್ಲಿ.